ಸಂಪಾದಕರ ಉತ್ತರ: ನಾಯಿಯನ್ನು ಸಂತ ಎಂದವರು ಯಾರು?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ‘ಸಂತ ಗಿನ್‌ಫೋರ್’ ಬರಹ ಓದಿ ನಿಮಗೆ ಬೇಸರವಾಗಿದೆ. ಫ್ರಾನ್ಸಿನ ಹಳ್ಳಿಗರು ಒಂದು ನಾಯಿಯನ್ನು ಸಂತ ಎಂದು ನಂಬಿದ್ದರು ಅಂತ ಬರೆಯುವುದು ನಿಜವಾದ ಸಂತರಿಗೆ ಅವಮಾನ ಎಂದಿದ್ದೀರಿ. ಇದು ನಮ್ಮ ಪಂಚತಂತ್ರದ ಮುಂಗುಸಿ ಕಥೆಯೇ ಅಲ್ವಾ, ಇಂಥ ಕಟ್ಟುಕಥೆ ಯಾಕೆ ಎಂದೂ ಕೇಳಿದ್ದೀರಿ.

ಚರ್ಚ್ ಆ ನಾಯಿಯನ್ನು ಯಾವತ್ತೂ ಸಂತ ಎಂದು ಒಪ್ಪಲಿಲ್ಲ. ಅದರ ಎಲುಬುಗಳನ್ನು ಅಗೆದು ಸುಡಿಸಿದವನು ಚರ್ಚಿನದೇ ಡೊಮಿನಿಕನ್ ಪಂಥದ ಒಬ್ಬ ಸಂನ್ಯಾಸಿ. ಹೆಸರು ಎತಿಯೆನ್ ದ ಬೂರ್ಬೋನ್. 13ನೇ ಶತಮಾನದಲ್ಲಿ ಲಿಯೋನ್ ಸೀಮೆಯಲ್ಲಿ ಪಾಪನಿವೇದನೆ ಕೇಳುವಾಗ, ಮಗುವನ್ನು ಸಂತ ಗಿನ್‌ಫೋರ್ ಬಳಿ ಒಯ್ದಿದ್ದೆವು ಎಂದು ಎಷ್ಟೋ ಹೆಂಗಸರು ಹೇಳಿದರು. ವಿಚಾರಿಸಿದರೆ ಅದು ಬೇಟೆನಾಯಿ! ಸುಡಿಸಿದವನೇ ಬರೆದಿಟ್ಟದ್ದರಿಂದ ನಮಗೆ ಈ ಸಂಗತಿ ಗೊತ್ತಾಗಿದೆ.

ಕಥೆಯ ಬಗ್ಗೆ ನೀವು ಹೇಳಿದ್ದು ಸರಿ. ಪಂಚತಂತ್ರ ಪಹ್ಲವಿ ಎಂಬ ಹಳೆಯ ಪರ್ಷಿಯನ್ ಭಾಷೆಗೆ ಹೋಯಿತು, 8ನೇ ಶತಮಾನದಲ್ಲಿ ಅರಬ್ಬಿಗೆ, ಮುಂದೆ ಯುರೋಪಿಗೆ. ದಾರಿಯಲ್ಲಿ ಮುಂಗುಸಿ ಹೋಗಿ ನಾಯಿ ಬಂತು. ತೊಟ್ಟಿಲ ಬಳಿ ಬಂದ ಹಾವನ್ನು ಕೊಂದ ನಾಯಿಯ ಬಾಯಲ್ಲಿ ರಕ್ತ ನೋಡಿ, ಮಗುವನ್ನೇ ತಿಂದಿದೆ ಅಂತ ಧಣಿ ಕತ್ತಿಯಿಂದ ಕಡಿದ. ಮಗು ಹಾಯಾಗಿ ಮಲಗಿತ್ತು. ನಮ್ಮಲ್ಲಿ ಕಥೆ ನೀತಿ ಹೇಳಿ ಮುಗಿಯುತ್ತದೆ. ಅಲ್ಲಿ ಮುಗಿಯಲಿಲ್ಲ. ನಾಯಿಯನ್ನು ಬಾವಿಗೆ ಹಾಕಿ, ಕಲ್ಲು ಪೇರಿಸಿ, ಮರ ನೆಟ್ಟರಂತೆ. ತಪ್ಪಿಲ್ಲದೆ ಸತ್ತ ನಾಯಿಯನ್ನು ರೈತರು ಹುತಾತ್ಮ ಎಂದರು.

ಆ ತೋಪಿಗೆ ತಾಯಂದಿರು ಕಾಯಿಲೆ ಮಕ್ಕಳನ್ನು ತಂದರು. ಉಪ್ಪು ಅರ್ಪಿಸಿದರು. ಮಗುವಿನ ಬಟ್ಟೆಯನ್ನು ಪೊದೆಗೆ ಕಟ್ಟಿದರು, ಮರಕ್ಕೆ ಮೊಳೆ ಹೊಡೆದರು. ತಮ್ಮ ನಿಜವಾದ ಮಗುವನ್ನು ಕಾಡಿನ ಭೂತಗಳು ಕದ್ದು, ಬದಲಿಗೆ ಈ ರೋಗಿಷ್ಠ ಕೂಸನ್ನು ಬಿಟ್ಟಿವೆ ಅನ್ನುವುದು ಅವರ ನಂಬಿಕೆ. ಅದಕ್ಕೇ ಕೂಸನ್ನು ಎರಡು ಮರಗಳ ನಡುವೆ 9 ಸಲ ದಾಟಿಸುತ್ತಿದ್ದರು. ಮರದ ಬುಡದಲ್ಲಿ ಹುಲ್ಲಿನ ಮೇಲೆ ಮಲಗಿಸಿ, ಮೋಂಬತ್ತಿ ಹಚ್ಚಿ, ಅದು ಉರಿದು ಮುಗಿಯುವವರೆಗೆ ದೂರ ಹೋಗುತ್ತಿದ್ದರು. ಬೆಂಕಿ ತಗಲಿ ಸತ್ತ ಮಕ್ಕಳೂ ಇದ್ದರು ಎಂದು ಎತಿಯೆನ್ ಬರೆದಿದ್ದಾನೆ. ಉಳಿದ ಕೂಸನ್ನು ಶಲರೋನ್ ನದಿಯ ತಣ್ಣೀರಿನಲ್ಲಿ 9 ಸಲ ಮುಳುಗಿಸುತ್ತಿದ್ದರು. ಅವನ ಸಿಟ್ಟು ಸುಮ್ನೆ ಬಂದದ್ದಲ್ಲ. ಆದರೂ ಆ ತಾಯಂದಿರನ್ನು ಮೂಢರು ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಮಗು ಕಣ್ಣೆದುರೇ ಸೊರಗುತ್ತಿದೆ. ಊರಲ್ಲಿ ಮದ್ದಿಲ್ಲ. ಅವರು ಇನ್ನೆಲ್ಲಿಗೆ ಹೋಗಬೇಕಿತ್ತು?

ಇನ್ನು ಅವಮಾನದ ಮಾತು. ಮೊದಲ ಶತಮಾನಗಳಲ್ಲಿ ಸಂತರನ್ನು ರೋಮ್ ಘೋಷಿಸುತ್ತಿರಲಿಲ್ಲ. ಜನ ಸಮಾಧಿಗೆ ನಡೆದುಕೊಳ್ಳುತ್ತಿದ್ದರು, ಬಿಷಪ್ ಒಪ್ಪುತ್ತಿದ್ದರು. ಆ ಹಕ್ಕು ಪೋಪರಿಗೆ ಮಾತ್ರ ಎಂದು ಚರ್ಚಿನ ಕಾನೂನಿನಲ್ಲಿ ಸೇರಿದ್ದು 1234ರಲ್ಲಿ. ಎತಿಯೆನ್ ಆ ಕಾಲದವನೇ. ಹಳ್ಳಿಗರು ಮಾಡಿದ್ದು ತಮ್ಮ ಹಿರಿಯರ ರೂಢಿಯನ್ನೇ. ತೋಪು ಕಡಿಸಿದರೂ ನಂಬಿಕೆ ಅಳಿಯಲಿಲ್ಲ, 1870ರ ದಶಕದಲ್ಲೂ ಆ ಜಾಗಕ್ಕೆ ಗಿನ್‌ಫೋರ್ ಹೆಸರಿತ್ತು. ಇದನ್ನು ಬಿಟ್ಟು ಸಂತರ ಚರಿತ್ರೆ ಬರೆದರೆ ಭಕ್ತರೇ ಅದರಿಂದ ಹೊರಗುಳಿಯುತ್ತಾರೆ.

ಆದ್ದರಿಂದ ಸರಣಿ ನಿಲ್ಲಿಸುವುದಿಲ್ಲ. ಮುಂದಿನ ಸಲ ತೂರ್ ನಗರದ ಸಂತ ಮಾರ್ಟಿನ್. ಅವರನ್ನು ಕಂಡು ಮಾತಾಡಿದ್ದ ಸುಲ್ಪಿಸಿಯಸ್ ಸೆವೆರಸ್, ಅವರು ಬದುಕಿದ್ದಾಗಲೇ ಅವರ ಜೀವನ ಬರೆದ. ಅದರಲ್ಲೂ ಪವಾಡಗಳು ಜಾಸ್ತಿಯೇ ಇವೆ. ಓದಿ, ಮತ್ತೆ ಬರೆಯಿರಿ.

– ಸಂಪಾದಕ