ಓದುಗರ ಪ್ರಶ್ನೆಗಳಿಗೆ ಉತ್ತರ: 1861ರ ಸುತ್ತಮುತ್ತ

ರವೀಂದ್ರನಾಥ ಠಾಕೂರ್, ಮೋತಿಲಾಲ್ ನೆಹರೂ, ಮದನಮೋಹನ ಮಾಳವೀಯ ಹಾಗೂ ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ನಾಲ್ವರೂ 1861ರಲ್ಲಿ ಹುಟ್ಟಿದವರೆಂದು ಕಳೆದ ಸಂಚಿಕೆಯಲ್ಲಿ ಚನ್ನಗಿರಿಯ ವಿದ್ಯಾರ್ಥಿನಿಯೊಬ್ಬರಿಗೆ ಎರಡು ಸಾಲಿನ ಉತ್ತರ ಕೊಟ್ಟಿದ್ದೆವು. ಅದನ್ನು ಓದಿದ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಅದೇ ವರ್ಷದ ಕುರಿತು ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆಯ್ದ ಕೆಲವಕ್ಕೆ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ಅಮೆರಿಕದಲ್ಲಿ ಯುದ್ಧವಾದಾಗ ನಮ್ಮ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತೆಂದು ಹಿರಿಯರು ಹೇಳುತ್ತಿದ್ದರು. ಅದು 1861ರ ಯುದ್ಧವೇ? ಅಷ್ಟು ದೂರದ ಜಗಳಕ್ಕೂ ನಮ್ಮ ಎರೆ ಹೊಲಕ್ಕೂ ಏನು ಸಂಬಂಧ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಅದೇ ಯುದ್ಧ. ನಮ್ಮಲ್ಲಿ ದುರ್ಮತಿ ಸಂವತ್ಸರದ ಯುಗಾದಿ ಕಳೆದ ಬೆನ್ನಿಗೇ, 1861ರ ಏಪ್ರಿಲ್ 12ರಂದು, ಅಮೆರಿಕದ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ದಕ್ಷಿಣದ ರಾಜ್ಯಗಳ ಫಿರಂಗಿಗಳು ಗುಂಡು ಹಾರಿಸಿದವು. ಸುಮಾರು 34 ಗಂಟೆ ನಡೆದ ಆ ದಾಳಿಯಲ್ಲಿ ಒಬ್ಬ ಸೈನಿಕನೂ ಸಾಯಲಿಲ್ಲ. ಆದರೆ ಹಾಗೆ ಶುರುವಾದ ಅಂತರ್ಯುದ್ಧವು 1865ರಲ್ಲಿ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡಿತ್ತು. ಕೋಟೆ ಬಿದ್ದ ಒಂದು ವಾರದೊಳಗೆ, ಏಪ್ರಿಲ್ 19ರಂದು, ಅಧ್ಯಕ್ಷ ಅಬ್ರಹಾಂ ಲಿಂಕನ್ ದಕ್ಷಿಣದ ಬಂದರುಗಳಿಗೆ ನೌಕಾ ದಿಗ್ಬಂಧನ ಘೋಷಿಸಿದರು. ತಮ್ಮ ಪ್ರಶ್ನೆಗೆ ಉತ್ತರವಿರುವುದು ಈ ಘೋಷಣೆಯಲ್ಲಿ.

ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಗುಲಾಮರು. ಲಿವರ್‌ಪೂಲಿನ ಗೋದಾಮುಗಳಲ್ಲಿ ಹಿಂದಿನ ಬೆಳೆಯ ದಾಸ್ತಾನು ತುಂಬಿಕೊಂಡಿದ್ದುದರಿಂದ ಮೊದಲ ವರ್ಷ ಕೊರತೆಯ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಹತ್ತಿ ಸಿಗದೆ ಹೋದರೆ ಇಂಗ್ಲೆಂಡ್ ತಾನಾಗಿಯೇ ತಮ್ಮ ಪಕ್ಷಕ್ಕೆ ಬರುತ್ತದೆಂದು ಲೆಕ್ಕ ಹಾಕಿದ ದಕ್ಷಿಣದವರು ತಾವೂ ಮಾಲನ್ನು ತಡೆಹಿಡಿದರು. ಆ ಲೆಕ್ಕ ಪೂರ್ತಿ ತಲೆಕೆಳಗಾಯಿತು. 1862ರ ಹೊತ್ತಿಗೆ ಲ್ಯಾಂಕಾಶೈರಿನಲ್ಲಿ ಮಗ್ಗಗಳು ನಿಂತು ಲಕ್ಷಾಂತರ ಕೂಲಿಕಾರರು ಗಂಜಿಕೇಂದ್ರಗಳ ಮುಂದೆ ಸಾಲುಗಟ್ಟಿದರು. ಗಿರಣಿ ಮಾಲೀಕರ ಕಣ್ಣು ಬೊಂಬಾಯಿಯತ್ತ ಹೊರಳಿತು. ಯುದ್ಧಕ್ಕೆ ಮುಂಚಿನ ದರಕ್ಕೆ ಹೋಲಿಸಿದರೆ ಹತ್ತಿಯ ಬೆಲೆ ಮೂರು ಪಟ್ಟಿಗಿಂತಲೂ ಮೇಲೇರಿತು. ಹಿರಿಯರ ಮಾತಿನಲ್ಲಿ ಅತಿಶಯ ತುಸುವೇ ಇದೆ.

ಕನ್ನಡ ನಾಡಿನಲ್ಲಿ ಇದರ ಫಲ ಮೊದಲು ಮುಟ್ಟಿದ್ದು ಧಾರವಾಡ ಸೀಮೆಗೆ. ಅಲ್ಲಿ 1840ರ ದಶಕದಲ್ಲೇ ಅಮೆರಿಕದ ಬೀಜ ತಂದು ಬಿತ್ತಿದ್ದರು. ನಾಡ ಹತ್ತಿಯ ಎಳೆ ಗಿಡ್ಡ, ಲ್ಯಾಂಕಾಶೈರಿನ ಯಂತ್ರಗಳಲ್ಲಿ ಬೇಗ ಹರಿಯುತ್ತಿತ್ತು. ಅಮೆರಿಕನ್ ತಳಿಯ ಎಳೆ ಉದ್ದ. ನಾಡ ಹತ್ತಿಯ ಬೀಜ ಬೇರ್ಪಡಿಸುವ ಕೆಲಸವನ್ನು ಮನೆಮನೆಗಳಲ್ಲಿ ಹೆಂಗಸರೇ ಮಾಡುತ್ತಿದ್ದರು: ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಗಿಡ್ಡ ಮಣೆಯ ಮೇಲೆ ಕುಳಿತು, ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸಿದರೆ ಅರಳೆ ಒಂದು ಕಡೆ, ಕಾಳು ಇನ್ನೊಂದು ಕಡೆ. ಹೀಗೆ ಸಿದ್ಧವಾದ ಅರಳೆ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಬೊಂಬಾಯಿ ಸೇರುತ್ತಿತ್ತು. ದರ ಏರಿದ ಮೇಲೆ ತೂಕ ಹೆಚ್ಚಿಸಲು ಕಸ, ಕಾಳು, ಮಣ್ಣು ಬೆರೆಸುವುದೂ ಏರಿತು. ಭಾರತದ ಹತ್ತಿಗೆಲ್ಲ ಒಟ್ಟಾಗಿ ‘ಸುರತ್’ ಎಂದು ಹೆಸರಿಟ್ಟಿದ್ದ ಲ್ಯಾಂಕಾಶೈರಿನ ಕೂಲಿಕಾರರು ಆ ಹೆಸರು ಕೇಳಿದರೆ ಶಪಿಸುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನೊಂದು ಪರಿಣಾಮವನ್ನು ನಮ್ಮ ಶಾಲಾ ಪಾಠಗಳು ಹೇಳುವುದೇ ಇಲ್ಲ. ಅದುವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಧಾರವಾಡದ ಹತ್ತಿ ಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸಬೇಕು, ಹತ್ತಿ ಬೆಳೆಯುವ ನೆಲವೂ ಅದು ಹಡಗು ಹತ್ತುವ ಕಡಲತೀರವೂ ಒಂದೇ ಆಡಳಿತದಲ್ಲಿರಬೇಕು ಎಂಬ ವರ್ತಕರ ಒತ್ತಾಯ ಇದರ ಹಿಂದೆ ಇತ್ತು. 1956ರ ಏಕೀಕರಣದವರೆಗೂ ಉತ್ತರ ಕನ್ನಡದವರು ಬೊಂಬಾಯಿಯವರಾಗಿಯೂ ದಕ್ಷಿಣ ಕನ್ನಡದವರು ಮದ್ರಾಸಿನವರಾಗಿಯೂ ಉಳಿದರು. ಸಮ್ಟರ್ ಕೋಟೆಯ ಗುಂಡಿನ ಸದ್ದು ನಮ್ಮ ನಕ್ಷೆಯವರೆಗೂ ಬಂದದ್ದು ಹೀಗೆ.

ಯುದ್ಧ ಮುಗಿದ 1865ರಲ್ಲಿ ಹತ್ತಿಯ ದರ ಕುಸಿದು, ಬೊಂಬಾಯಿಯಲ್ಲಿ ಹತ್ತಿಯ ಹಣದಿಂದ ಉಬ್ಬಿದ್ದ ಷೇರು ಕಂಪನಿಗಳು ಒಂದರ ಹಿಂದೊಂದು ದಿವಾಳಿಯಾದವು. ಆಗಿನ ಷೇರು ದೊರೆ ಪ್ರೇಮಚಂದ್ ರಾಯಚಂದ್ ಕೂಡ ಮುಳುಗಿದರು. ಅವರು ಕೊಟ್ಟ ದಾನದಿಂದ ಎದ್ದ, ಅವರ ತಾಯಿಯ ಹೆಸರು ಹೊತ್ತ ರಾಜಾಬಾಯಿ ಗೋಪುರ ಮಾತ್ರ ಮುಂಬಯಿಯಲ್ಲಿ ಇನ್ನೂ ನಿಂತಿದೆ. ಒಂದು ಮಾತು ನೆನಪಿರಲಿ: ತಾವು ದುಡಿದಂತಹ ಗಿರಣಿಗಳು ದಾವಣಗೆರೆಗೆ ಬಂದದ್ದು 20ನೇ ಶತಮಾನದಲ್ಲಿ. 1861ರಲ್ಲಿ ಇಲ್ಲಿ ರೈಲೂ ಇರಲಿಲ್ಲ, ಗಿರಣಿಯೂ ಇರಲಿಲ್ಲ.

ಪ್ರಶ್ನೆ: ರಷ್ಯದಲ್ಲಿ ಜೀತದಾಳುಗಳಿಗೆ ಬಿಡುಗಡೆಯಾದ ದಿನವನ್ನು ಒಂದು ಪುಸ್ತಕ ಫೆಬ್ರವರಿ 19 ಎನ್ನುತ್ತದೆ, ಇನ್ನೊಂದು ಮಾರ್ಚ್ 3, ಮತ್ತೊಂದು ಮಾರ್ಚ್ 17. ಮಕ್ಕಳಿಗೆ ಯಾವುದನ್ನು ಹೇಳಲಿ? (ಶಿಕ್ಷಕರೊಬ್ಬರು, ಹೊಳಲ್ಕೆರೆ)

ಉತ್ತರ: ಮೂರೂ ಸರಿ. ಆಗ ರಷ್ಯದಲ್ಲಿ ಹಳೆಯ ಜೂಲಿಯನ್ ಪಂಚಾಂಗ ನಡೆಯುತ್ತಿತ್ತು. 19ನೇ ಶತಮಾನದಲ್ಲಿ ಅದು ನಾವು ಬಳಸುವ ಕ್ಯಾಲೆಂಡರಿಗಿಂತ 12 ದಿನ ಹಿಂದಿತ್ತು. ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಸಹಿ ಹಾಕಿದ್ದು ಅವರ ಫೆಬ್ರವರಿ 19, ಅಂದರೆ ನಮ್ಮ ಮಾರ್ಚ್ 3. ಸುದ್ದಿ ಕೇಳಿ ದಂಗೆ ಎದ್ದೀತೆಂಬ ಅಂಜಿಕೆಯಿಂದ ಎರಡು ವಾರ ಅದನ್ನು ಮುಚ್ಚಿಟ್ಟು, ಅವರ ಮಾರ್ಚ್ 5, ಅಂದರೆ ನಮ್ಮ ಮಾರ್ಚ್ 17ರಂದು ಚರ್ಚುಗಳಲ್ಲಿ ಓದಿ ಹೇಳಿಸಿದರು. ಸಹಿ ಬಿದ್ದ ಮರುದಿನವೇ, ಮಾರ್ಚ್ 4ರಂದು, ಲಿಂಕನ್ ಅಧಿಕಾರ ವಹಿಸಿಕೊಂಡರೆಂಬುದನ್ನು ಮಕ್ಕಳಿಗೆ ಹೇಳಿದರೆ ಅವರಿಗೆ ಎರಡೂ ದಿನ ನೆನಪಿರುತ್ತವೆ.

ದಿನಾಂಕಕ್ಕಿಂತ ಮುಖ್ಯವಾದದ್ದು ಬಿಡುಗಡೆಯ ಷರತ್ತು. ಸುಮಾರು 2.3 ಕೋಟಿ ಜನ ಜಮೀನ್ದಾರರ ಹಿಡಿತದಿಂದ ಬಿಡುಗಡೆಯಾದರು. ಆದರೆ ತಲೆಮಾರುಗಳಿಂದ ತಾವೇ ಉತ್ತ ನೆಲವನ್ನು ಅವರು ಪುಕ್ಕಟೆ ಪಡೆಯಲಿಲ್ಲ. ಅದರ ಬೆಲೆಯನ್ನು 49 ವರ್ಷಗಳ ಕಂತಿನಲ್ಲಿ ಸರ್ಕಾರಕ್ಕೆ ಕಟ್ಟಬೇಕೆಂದು ವಿಧಿಸಲಾಯಿತು. 1905ರ ಕ್ರಾಂತಿಯ ಪೆಟ್ಟು ಬಿದ್ದ ಮೇಲಷ್ಟೇ ಆ ಕಂತುಗಳು ರದ್ದಾದವು. ಸಾಲದ ಕಂತು ಕಟ್ಟುವವರಿಗೆ ಈ ಬಗೆಯ ಬಿಡುಗಡೆಯ ರುಚಿ ವಿವರಿಸಬೇಕಾಗಿಲ್ಲ.

ಪ್ರಶ್ನೆ: ಇಟಲಿ ಒಂದು ದೇಶವಾದದ್ದು ಅದೇ ವರ್ಷವೇ? (ಓದುಗರು, ಹೊಸದುರ್ಗ)

ಉತ್ತರ: ಹೌದು, 1861ರ ಮಾರ್ಚ್ 17ರಂದು. ರಷ್ಯದಲ್ಲಿ ಬಿಡುಗಡೆಯ ಘೋಷಣೆ ಓದಿದ ದಿನವೇ ಇದಾದರೂ ಎರಡಕ್ಕೂ ಯಾವ ನಂಟೂ ಇಲ್ಲ. ವೆನಿಸ್ 1866ರಲ್ಲಿ, ರೋಮ್ 1870ರಲ್ಲಿ ಸೇರಿದವು. ಏಕೀಕರಣದ ಸೂತ್ರಧಾರ ಕಾವೂರ್ ಮೂರೇ ತಿಂಗಳಲ್ಲಿ ತೀರಿಕೊಂಡರು.

ಪ್ರಶ್ನೆ: 1861ರಲ್ಲಿ ಹುಟ್ಟಿದವರ ಪಟ್ಟಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಏಕೆ ಬಿಟ್ಟಿರಿ? ನಮ್ಮ ಮಾರಿಕಣಿವೆ ಕಟ್ಟಿದವರೇ ಅವರಲ್ಲವೇ? (ಓದುಗರು, ಹಿರಿಯೂರು)

ಉತ್ತರ: ಜನ್ಮದಿನ ಸೆಪ್ಟೆಂಬರ್ 15 ಎಂಬುದರಲ್ಲಿ ತಕರಾರಿಲ್ಲ. ವರ್ಷವನ್ನು ಮಾತ್ರ ಕೆಲವು ಪುಸ್ತಕಗಳು 1860 ಎಂದೂ ಕೆಲವು 1861 ಎಂದೂ ಕೊಡುತ್ತವೆ. ಬೆಂಗಳೂರಿನಲ್ಲಿ ಅವರ ಶತಮಾನೋತ್ಸವ ನಡೆದದ್ದು, ಅಂಚೆ ಇಲಾಖೆ ಅವರ ಚೀಟಿ ಹೊರತಂದದ್ದು 1960ರಲ್ಲಿ, ಅವರು ಬದುಕಿದ್ದಾಗಲೇ. ಅದರಿಂದ ಹುಟ್ಟಿದ ವರ್ಷ 1860 ಎಂದು ತೀರ್ಮಾನಿಸಬಹುದು. ಆದರೆ ನೂರು ತುಂಬಿದ ಮೇಲಲ್ಲ, ನೂರಕ್ಕೆ ಕಾಲಿಟ್ಟಾಗಲೇ ಶತಮಾನ ಆಚರಿಸುವುದೂ ನಮ್ಮಲ್ಲಿ ಉಂಟು. ಆದ್ದರಿಂದಲೇ ಅವರನ್ನು ಆ ಪಟ್ಟಿಗೆ ಸೇರಿಸಲಿಲ್ಲ. ರಸಪ್ರಶ್ನೆ ನಡೆಸುವವರು ಎರಡು ಉತ್ತರಕ್ಕೂ ಅಂಕ ಕೊಡುವುದು ನ್ಯಾಯ.

ಮಾರಿಕಣಿವೆಯ ವಿಷಯ ಬೇರೆ. ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರದ ಕಾಮಗಾರಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಕೆಲಸಕ್ಕೆ ಚಾಲನೆ ಸಿಕ್ಕಿದ್ದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಹೆಸರು ಬಂದದ್ದು ಆಗ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರಿಂದ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿ ಮೈಸೂರು ಸಂಸ್ಥಾನದ ಸೇವೆಗೆ ಬಂದದ್ದೇ 1909ರಲ್ಲಿ. ಅವರ ಹಿರಿಮೆಗೆ ಕನ್ನಂಬಾಡಿಯೊಂದೇ ಸಾಕು. ಇತರರ ದುಡಿಮೆಯನ್ನೂ ಅವರ ಖಾತೆಗೆ ಬರೆಯುವುದನ್ನು ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಅವರೇ ಒಪ್ಪುತ್ತಿರಲಿಲ್ಲ.

ಪ್ರಶ್ನೆ: ಠಾಕೂರರು ಹುಟ್ಟಿದ್ದು ಮೇ 7 ಎಂದು ಬರೆದಿದ್ದೀರಿ. ಕೋಲ್ಕತ್ತದಲ್ಲಿ ಜಯಂತಿ ಮೇ 9ಕ್ಕೂ ನಡೆಯುತ್ತದಲ್ಲ? (ಓದುಗರು, ಹರಿಹರ)

ಉತ್ತರ: ಬಂಗಾಳದವರು ಅವರ ಜಯಂತಿಯನ್ನು ಬಂಗಾಳಿ ಪಂಚಾಂಗದ ವೈಶಾಖ 25ಕ್ಕೆ ಆಚರಿಸುತ್ತಾರೆ. 1861ರಲ್ಲಿ ಅದು ಮೇ 7ರಂದು ಬಂದಿತ್ತು. ಈಗ ಸಾಮಾನ್ಯವಾಗಿ ಮೇ 8 ಅಥವಾ 9ಕ್ಕೆ ಬರುತ್ತದೆ. ನಕ್ಷತ್ರಗಳನ್ನು ಆಧರಿಸಿದ ನಮ್ಮ ಸೌರವರ್ಷವು ಇಂಗ್ಲಿಷ್ ಕ್ಯಾಲೆಂಡರಿನ ವರ್ಷಕ್ಕಿಂತ ಇಪ್ಪತ್ತು ನಿಮಿಷಕ್ಕೂ ತುಸು ಹೆಚ್ಚು ಉದ್ದವಿರುವುದರಿಂದ ಒಂದೂವರೆ ಶತಮಾನದಲ್ಲಿ ಎರಡು ದಿನದಷ್ಟು ವ್ಯತ್ಯಾಸ ಬೀಳುತ್ತದೆ. ಸ್ವಾಮಿ ವಿವೇಕಾನಂದರು 1863ರ ಜನವರಿ 12ರ ಮಕರ ಸಂಕ್ರಾಂತಿಯಂದು ಹುಟ್ಟಿದರು, ನಾವೀಗ ಎಳ್ಳು ಬೆಲ್ಲ ಬೀರುವುದು ಜನವರಿ 14 ಅಥವಾ 15ಕ್ಕೆ; ಅದಕ್ಕೂ ಕಾರಣ ಇದೇ.

ಪ್ರಶ್ನೆ: ಆ ವರ್ಷ ಚಿತ್ರದುರ್ಗದ ಆಡಳಿತ ಯಾರ ಕೈಯಲ್ಲಿತ್ತು? (ಓದುಗರು, ಚಳ್ಳಕೆರೆ)

ಉತ್ತರ: ಬ್ರಿಟಿಷ್ ಕಮಿಷನರ ಕೈಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಮನೆಯಲ್ಲಿದ್ದರೂ 1831ರಿಂದ ಅಧಿಕಾರ ಅವರದ್ದಾಗಿರಲಿಲ್ಲ. 1834ರಿಂದ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸಂಸ್ಥಾನವನ್ನು ನಾಲ್ಕು ವಿಭಾಗಗಳಾಗಿ ಮಾಡಿ ಆಳಿದರು. ಅವುಗಳಲ್ಲಿ ಚಿತ್ರದುರ್ಗವೂ ಒಂದು. ಆತ 1861ರಲ್ಲಿ ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೊರಟು, ದಾರಿಯಲ್ಲಿ ಸೂಯೆಜ್‌ನಲ್ಲೇ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡರು. ಮರುವರ್ಷ ಲೆವಿನ್ ಬೌರಿಂಗ್ ಆ ಜಾಗಕ್ಕೆ ಬಂದರು.

ಪ್ರಶ್ನೆ: ಕೋಟೆಯ ಬಾಗಿಲಲ್ಲಿ ಫಲಕ ಹಾಕಿರುವ ಪುರಾತತ್ವ ಇಲಾಖೆಯೂ 1861ರದ್ದೇ ಎಂದು ಓದಿದೆ. ನಿಜವೇ? (ವಿದ್ಯಾರ್ಥಿ, ಮೊಳಕಾಲ್ಮೂರು)

ಉತ್ತರ: ನಿಜ. ಗವರ್ನರ್ ಜನರಲ್ ಕ್ಯಾನಿಂಗ್ ಅವರ ಕಾಲದಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅದರ ಮೊದಲ ಅಧಿಕಾರಿಯಾದರು. ಆದರೆ ಆತನ ಓಡಾಟವೆಲ್ಲ ಉತ್ತರ ಭಾರತದಲ್ಲಿ. ನಿಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಮೈಸೂರು ಸಂಸ್ಥಾನದ ಬಿ. ಎಲ್. ರೈಸ್. ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ್ದು 1947ರಲ್ಲಿ. ಊರಿನಿಂದ ದೂರವಿಲ್ಲ, ಒಮ್ಮೆ ಹೋಗಿ ಬಂಡೆಯ ಮೇಲೆ ‘ಇಸಿಲ’ ಎಂಬ ಪಟ್ಟಣದ ಹೆಸರು ಎಲ್ಲಿದೆಯೆಂದು ಬಲ್ಲವರಿಂದ ತೋರಿಸಿಕೊಳ್ಳಿ.

ಪ್ರಶ್ನೆ: ನಾನು ಫೋಟೋ ಸ್ಟುಡಿಯೋ ನಡೆಸುತ್ತೇನೆ. ಮೊದಲ ಬಣ್ಣದ ಚಿತ್ರ 1861ರದ್ದೆಂದು ಕೇಳಿದ್ದೇನೆ. ಆಗ ಹೇಗೆ ತೆಗೆದರು? (ಓದುಗರು, ಜಗಳೂರು)

ಉತ್ತರ: ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅದನ್ನು ತೋರಿಸಿದರು. ಚೌಕುಳಿ ಗೆರೆಗಳ ಒಂದು ರಿಬ್ಬನ್ನನ್ನು ಥಾಮಸ್ ಸಟನ್ ಎಂಬ ಛಾಯಾಗ್ರಾಹಕರು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆ ಬೇರೆಯಾಗಿ ಕಪ್ಪು ಬಿಳುಪಿನಲ್ಲೇ ಸೆರೆಹಿಡಿದಿದ್ದರು. ಆ ಚಿತ್ರಗಳನ್ನು ಅದದೇ ಬಣ್ಣದ ಬೆಳಕಿನಲ್ಲಿ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ರಿಬ್ಬನ್ನಿನ ಬಣ್ಣಗಳು ಮೂಡಿದವು. ತಮ್ಮ ಕಂಪ್ಯೂಟರಿನ ಪರದೆ ಇಂದಿಗೂ ಬಣ್ಣ ಕಟ್ಟುವುದು ಇವೇ ಮೂರರಿಂದ. ವಿಚಿತ್ರವೆಂದರೆ ಆಗಿನ ಗಾಜಿನ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ; ಪ್ರಯೋಗ ಸೋಲಬೇಕಾಗಿತ್ತು. ರಿಬ್ಬನ್ನಿನ ಕೆಂಪು ಭಾಗ ನೇರಳಾತೀತ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು, ಕೆಂಪು ಶೋಧಕವು ಅವನ್ನು ತಡೆಯಲಿಲ್ಲ, ಫಲಕದ ಮೇಲೆ ಮೂಡಿದ್ದು ಅವೇ ಎಂಬುದನ್ನು ಕೊಡಕ್ ಕಂಪನಿಯ ಸಂಶೋಧಕರು 1961ರಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿ ಕಂಡುಕೊಂಡರು.