ಬ್ಲೋವರ್ ಓಡುತ್ತಿದ್ದರೂ ವಾಸನೆ ಯಾಕೆ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಗಾಳಿ ಊದುವ ಯಂತ್ರ, ಅಂದರೆ ಬ್ಲೋವರ್, ಹಗಲು ರಾತ್ರಿ ಓಡುತ್ತದೆ. ಆದರೂ ಕೊಳೆತ ಮೊಟ್ಟೆಯ ವಾಸನೆ. ಇನ್ನೂ ದೊಡ್ಡ ಬ್ಲೋವರ್ ಹಾಕಿಸಬೇಕಾ?

ಉತ್ತರ: ದಯವಿಟ್ಟು ಈಗಲೇ ದುಡ್ಡು ಸುರಿಯಬೇಡಿ. ಮೊದಲು ಏರೇಷನ್ ಟ್ಯಾಂಕಿನ (ಕೊಳಚೆ ನೀರಿಗೆ ಗಾಳಿಯ ಆಮ್ಲಜನಕ ಸೇರಿಸುವ ತೊಟ್ಟಿ) ಪಕ್ಕ ನಿಂತು ಗುಳ್ಳೆಗಳನ್ನು ನೋಡಿ. ನಾನು ಇಂಥದೇ ಘಟಕ ನೋಡಿಕೊಳ್ಳುತ್ತಿದ್ದಾಗ ಒಂದು ಮೂಲೆಯಲ್ಲಿ ನೀರು ಕೊತಕೊತ ಕುದಿಯುವಂತೆ ಉಕ್ಕುತ್ತಿತ್ತು. ಉಳಿದ ಕಡೆ ಸುಮ್ನೆ ನಿಂತಿತ್ತು. ಟ್ಯಾಂಕ್ ಖಾಲಿ ಮಾಡಿಸಿದಾಗ ಗೊತ್ತಾಯಿತು, ಒಂದು ಡಿಫ್ಯೂಸರಿನ (ತಳದಲ್ಲಿ ಗಾಳಿಯನ್ನು ಗುಳ್ಳೆಗಳಾಗಿ ಒಡೆದು ಬಿಡುವ ಸಾಧನ) ರಬ್ಬರ್ ಹರಿದಿತ್ತು. ಗಾಳಿಯೆಲ್ಲ ಅಲ್ಲಿಂದಲೇ ಹೋಗುತ್ತಿತ್ತು. ಬೇರೆ ಮೂಲೆಗಳಲ್ಲಿ ಮೊಣಕಾಲುದ್ದ ಕೆಸರು!

ಗಾಳಿ ಎಷ್ಟು ಅನ್ನುವಷ್ಟೇ ಗುಳ್ಳೆ ಎಷ್ಟು ಸಣ್ಣದು ಅನ್ನುವುದೂ ಮುಖ್ಯ. ಅಷ್ಟೇ ಗಾಳಿಯನ್ನು 10 ಮಿ.ಮೀ. ಬದಲು 2 ಮಿ.ಮೀ. ಗುಳ್ಳೆಗಳಾಗಿ ಒಡೆದರೆ ನೀರಿಗೆ ತಾಗುವ ಮೈ 5 ಪಟ್ಟು ಆಗುತ್ತದೆ. ಸಣ್ಣ ಗುಳ್ಳೆ ನಿಧಾನವಾಗಿಯೂ ಏರುತ್ತದೆ, ಅಲ್ವಾ? ಜೊತೆಗೆ ನೀರು ತಳದವರೆಗೆ ಕದಡುತ್ತಿರಬೇಕು. ಕೆಸರು ಕೂತರೆ ಅಲ್ಲಿ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಹುಟ್ಟುತ್ತದೆ. ನಿಮ್ಮ ಮೂಗಿಗೆ ಬಡಿಯುತ್ತಿರುವುದು ಬಹುಶಃ ಅದೇ.

ಕರಗಿದ ಆಮ್ಲಜನಕ ಅಳೆಯುವ ಮೀಟರನ್ನು ನಾಲ್ಕೂ ಮೂಲೆಗೆ ಇಳಿಸಿ ನೋಡಿ. ಲೀಟರಿಗೆ 2 ಮಿ.ಗ್ರಾಂ ಆಸುಪಾಸು ಸಿಗಬೇಕು. ಡಿಫ್ಯೂಸರ್ ಸರಿಮಾಡಿದ ಮೇಲೂ ಎಲ್ಲ ಕಡೆ ಕಡಿಮೆ ಬಂದರೆ ಆಗ ಬ್ಲೋವರ್ ಬಗ್ಗೆ ಯೋಚಿಸೋಣ.

ಕೈಮುಗಿದು ಕೇಳುತ್ತೇನೆ, ಪರೀಕ್ಷೆಗೆಂದು ಯಾರನ್ನೂ ಟ್ಯಾಂಕಿಗೆ ಇಳಿಸಬೇಡಿ. ಆ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ವಾಸನೆಯೇ ತಿಳಿಯುವುದಿಲ್ಲ, ಪ್ರಾಣ ಹೋಗುತ್ತದೆ. ಮೇಲಿನಿಂದಲೇ ಎತ್ತಿ ತೆಗೆಯಬಹುದಾದ ಡಿಫ್ಯೂಸರ್ ಹಾಕಿಸಿ.