ಪ್ರತಿ: ನಾಟಕದ ಪೋಸ್ಟರ್‌ಗೆ ಬ್ರಶ್ ಫಾಂಟ್

ಪೋಸ್ಟರ್ ಪೂರ್ತಿ ಒರಟು ಬ್ರಶ್ ಫಾಂಟಲ್ಲೇ ಮಾಡ್ಬಹುದಾ ಅಂತ ಕೇಳಿದೀರಲ್ಲ, ದಯವಿಟ್ಟು ಬೇಡ, ನಾಟಕದ ಹೆಸರಿಗೆ ಮಾತ್ರ ಹಾಕಿ, ಅದೂ ದೊಡ್ಡದಾಗಿ. ದಿನಾಂಕ, ಜಾಗ, ಟಿಕೆಟ್ ರೇಟಿಗೆಲ್ಲ ನೋಟೋ ಸಾನ್ಸ್ ತರದ ಸರಳ ಫಾಂಟ್ ಸಾಕು, ಯಾಕಂದ್ರೆ ಸೈಜ್ ಚಿಕ್ಕದಾದ್ರೆ ಒತ್ತಕ್ಷರದ ಸಂದೆಲ್ಲ ಮುಚ್ಚಿಹೋಗಿ ಷ್ಟ ಯಾವ್ದು ಷ್ಠ ಯಾವ್ದು ಗೊತ್ತೇ ಆಗಲ್ಲ. ಫ್ರಾನ್ಸಿನ ಅಕ್ಷರ ವಿನ್ಯಾಸಕ ರೋಜೆ ಎಕ್ಸ್‌ಕೊಫೋನ್ 1955ರಲ್ಲಿ ಮಾಡಿದ ಶೊಕ್ (Choc) ಅನ್ನೋ ಬ್ರಶ್ ಫಾಂಟ್ ಕೂಡ ಬೋರ್ಡು, ಹೆಡ್ಡಿಂಗಿಗೇ ಚೆನ್ನ. ಇನ್ನೊಂದು, 'ಕನಕ' ತರದ ಹೆಸರಲ್ಲಿ ಎರಡೂ ಕ-ದಲ್ಲಿ ಬ್ರಶ್ ಕೂದಲಿನ ಗೀರು ಒಂದೇ ಕಡೆ ಬಂದ್ರೆ ಕೈಬರಹದ ಜೀವಾನೇ ಹೋಗುತ್ತೆ, ಫಾಂಟಲ್ಲಿ ಆಲ್ಟರ್ನೇಟ್ ಅಕ್ಷರ, ಅಂದ್ರೆ ಅದೇ ಅಕ್ಷರದ ಇನ್ನೊಂದು ರೂಪ, ಇದ್ರೆ ಬಳಸಿ, ಇಲ್ಲಾಂದ್ರೆ ಅಕ್ಷರಗಳನ್ನ ಔಟ್‌ಲೈನ್ (ತಿದ್ದೋಕಾಗೋ ಆಕಾರ) ಮಾಡ್ಕೊಂಡು ಒಂದರ ಅಂಚು ಬದಲಾಯಿಸಿ. ನನ್ನ ಕೇಳಿದ್ರೆ ನಾಲ್ಕೈದು ಅಕ್ಷರಕ್ಕೆ ಫಾಂಟೇ ಬೇಡ, ಚಪ್ಪಟೆ ಬ್ರಶ್ಶಿಗೆ ಪೋಸ್ಟರ್ ಕಲರ್ ಸ್ವಲ್ಪವೇ ಹಚ್ಕೊಂಡು ಒರಟು ಪೇಪರ್ ಮೇಲೆ ಬರೆದು ಸ್ಕ್ಯಾನ್ ಮಾಡಿ, ಕಂಪ್ಯೂಟರಲ್ಲಿ ಟ್ರೇಸ್ ಮಾಡ್ಕೊಳ್ಳಿ.